ಖಾಲಿ ಲಾರಿಯ ಎತ್ತರ

ಆ ಬೀದಿಯಲ್ಲಿ ಹದಿನಾರು ಮನೆ. ಅದರಲ್ಲಿ ಒಂಬತ್ತು ಮನೆಯ ಗಂಡಸರು ಲಾರಿ ಓಡಿಸುವವರು. ಹಾಗಾಗಿ ಅಲ್ಲಿನ ಹೆಂಗಸರು ಎದುರುಬದುರಾದಾಗ "ಊಟ ಆಯ್ತಾ" ಎಂದು ಕೇಳುವುದಕ್ಕಿಂತ ಮೊದಲು "ಎಲ್ಲಿದ್ದಾರಂತೆ?" ಎಂದು ಕೇಳುವುದು ರೂಢಿ. ಹಿಂದೆ ಈ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ. "ಎಲ್ಲೋ ಇದ್ದಾರೆ ಬಿಡು" ಎಂದು ಆಕಾಶ ನೋಡುತ್ತಿದ್ದರು. ಈಗ ಫೋನು ತೆಗೆದು, ಬೆರಳಲ್ಲಿ ಉಜ್ಜಿ, "ಇಗೋ, ಇಲ್ಲಿದ್ದಾರೆ" ಎಂದು ಒಂದು ನೀಲಿ ಚುಕ್ಕೆ ತೋರಿಸುತ್ತಾರೆ.

ಮೂಲೆ ಮನೆಯ ಹೊಲಿಗೆಯಮ್ಮನಿಗೂ ಅಂಥದೊಂದು ಚುಕ್ಕೆ ಇತ್ತು. ಅವಳು ಮುಂದಿನ ಕೋಣೆಯಲ್ಲೇ ಮಷಿನ್ನು ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ನೂಲಿನ ಡಬ್ಬಿಗೆ ಫೋನು ಒರಗಿಸಿಟ್ಟು, ಒಂದು ಕಣ್ಣು ಸೂಜಿಯ ಮೇಲೆ, ಒಂದು ಕಣ್ಣು ಚುಕ್ಕೆಯ ಮೇಲೆ. ಎರಡು ಸಲ ಬೆರಳಿಗೇ ಹೊಲಿಗೆ ಬಿದ್ದದ್ದೂ ಉಂಟು.

ಗಂಡ ಮನೆ ಬಿಟ್ಟು ಅವತ್ತಿಗೆ ನಲವತ್ತೊಂದು ದಿನ. ಅವನ ಹೆಸರು ಬೀದಿಗೆ ಮರೆತೇ ಹೋಗಿತ್ತು. ಎಲ್ಲರೂ ಕರೆಯುತ್ತಿದ್ದದ್ದು 'ಹತ್ನಿಮಿಷ' ಎಂದು. ಯಾವ ಊರಲ್ಲಿದ್ದರೂ ಫೋನಿನಲ್ಲಿ "ಇನ್ನು ಹತ್ತೇ ನಿಮಿಷ" ಅನ್ನುವುದು ಅವನ ಬಾಯಿಯ ಅಭ್ಯಾಸ. ಸುಳ್ಳುಗಾರನೇನಲ್ಲ. ಮನೆ ಯಾವಾಗಲೂ ಹತ್ತು ನಿಮಿಷದ ದೂರದಲ್ಲೇ ಇದ್ದ ಹಾಗೆ ಅವನಿಗೆ ಅನ್ನಿಸುತ್ತಿತ್ತು, ಅಷ್ಟೆ.

ಅವತ್ತು ಮಾತ್ರ ಆ ಮನೆಯಲ್ಲಿ ಒಂದೊಂದು ನಿಮಿಷಕ್ಕೂ ತೂಕ ಬಂದಿತ್ತು. ಒಬ್ಬಳೇ ಮಗಳು ನರ್ಸ್ ಕೆಲಸ ಕಲಿಯಲು ದೂರದ ಊರಿಗೆ ಹೊರಟಿದ್ದಳು. ಸಂಜೆ ಐದಕ್ಕೆ ಬಸ್ಸು. ಹೋದರೆ ಆರು ತಿಂಗಳು ರಜೆ ಇಲ್ಲ. ಅಪ್ಪ ಟೈಲ್ಸ್ ಇಳಿಸಿ, ತಗಡಿನ ಡಬ್ಬಿ ಕಟ್ಟಿಸಿದ ಲಾರಿಯಲ್ಲಿ ಖಾಲಿ ಬರುತ್ತಿದ್ದ. ಹೊರಡುವಾಗ ದಾರಿ ತೋರಿಸುವ ಮ್ಯಾಪನ್ನು ಹೆಂಡತಿಯ ಫೋನಿಗೂ ಕಳಿಸಿದ್ದ. ಚುಕ್ಕೆಯ ಕೆಳಗೆ, ಮನೆ ತಲುಪುವ ಹೊತ್ತು ಎಂದು ಬರೆದಿತ್ತು: ಮೂರು ಮೂವತ್ತೈದು.

"ಅಮ್ಮಾ, ಅಪ್ಪ ಎಷ್ಟೊತ್ತಿಗೆ?" ಮಗಳು ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ ಒಳಗಿನಿಂದ ಕೂಗಿದಳು.

"ಮೂರು ಮೂವತ್ತೈದು."

"ಸರಿಯಾಗಿ?"

"ಅದರಲ್ಲೇ ಬರ್ದಿದೆ ಕಣೇ."

ಅಷ್ಟರಲ್ಲಿ ಎದುರು ಮನೆಯ ತೂಕದಕ್ಕ ಒಳಗೆ ಬಂದಳು. ಅವಳದು ಲಾರಿ ತೂಗುವ ವೇ ಬ್ರಿಡ್ಜಿನಲ್ಲಿ ಚೀಟಿ ಬರೆಯುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಒಂದೇ ಕಿಟಕಿಯ ಹಿಂದೆ ಕೂತು, ಲಾರಿಗಳು ಖಾಲಿ ಬರುವುದನ್ನೂ ತುಂಬಿ ಹೋಗುವುದನ್ನೂ ನೋಡಿದವಳು. ಊಟದ ಬಿಡುವಿನಲ್ಲಿ ಹುಡುಗಿಗೆ ಹೋಗಿ ಬಾ ಎಂದು ಹೇಳಲು ಬಂದಿದ್ದಳು. ಫೋನಿನ ಮೇಲೆ ಬಗ್ಗಿ ನೋಡಿದಳು.

"ಮೂರು ಮೂವತ್ತೈದಾ? ಇದು ಕಾರಿನ ಲೆಕ್ಕ ಕಣೆ. ಈ ಮ್ಯಾಪಿಗೆ ನಿನ್ನ ಗಂಡ ಲಾರೀಲಿ ಬರ್ತಿದ್ದಾನೆ ಅಂತ ಗೊತ್ತೇ ಇಲ್ಲ."

"ಅದು ಹೇಗೆ ಗೊತ್ತಿಲ್ಲ? ಗಾಡಿ ಒಳಗೇ ಇದೆಯಲ್ಲ ಅದು."

"ನೀನು ಬಸ್ಸಿನ ಒಳಗೆ ಕೂತ್ರೆ ಬಸ್ಸು ಎಷ್ಟು ಉದ್ದ ಅಂತ ನಿನ್ನ ಜೇಬಿನ ಫೋನಿಗೆ ಗೊತ್ತಾಗುತ್ತಾ? ನಾವು ಹೇಳಿದ್ರೆ ತಾನೆ ಗೊತ್ತಾಗೋದು. ಏರು ರಸ್ತೇಲಿ ಲಾರಿ ಏದುಸಿರು ಬಿಡ್ತಾ ಹತ್ತೋದು, ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲೋದು, ಇದ್ಯಾವುದೂ ಆ ಲೆಕ್ಕದಲ್ಲಿಲ್ಲ."

"ನಿಮ್ಮದು ಯಾವಾಗಲೂ ತೂಕದ ಮಾತೇ ಅಕ್ಕ" ಎಂದು ಹೊಲಿಗೆಯಮ್ಮ ನಕ್ಕಳು. ನಕ್ಕಳೇ ಹೊರತು ಮಾತು ಕಿವಿಗೆ ಇಳಿಯಲಿಲ್ಲ. ನಲವತ್ತೊಂದು ದಿನ ಕಾದವಳಿಗೆ ಬೇಗ ಬರುತ್ತಾನೆ ಎನ್ನುವ ಲೆಕ್ಕವೇ ಸರಿಯಾದ ಲೆಕ್ಕ.

ತೂಕದಕ್ಕ ಕೆಲಸಕ್ಕೆ ಹೋದಳು. ಗಂಟೆ ಎರಡಾಯಿತು. ಮೂರು ಮೂವತ್ತೈದು ಇದ್ದದ್ದು ಮೂರು ಐವತ್ತಾಯಿತು. ಹೊಲಿಗೆಯಮ್ಮ ಫೋನು ಮಾಡಿದಳು.

"ಏನ್ರೀ, ಹದಿನೈದು ನಿಮಿಷ ಮುಂದಕ್ಕೆ ಹೋಯ್ತಲ್ಲ?"

"ಏರಿತ್ತು. ಬರ್ತೀನಿ. ಹತ್ತೇ ನಿಮಿಷ" ಎಂದ ಗಂಡ. ಅವನ ದನಿಯ ಹಿಂದೆ ಇಂಜಿನ್ನಿನ ಗೊರಗೊರ.

ಎರಡೂಕಾಲಿಗೆ ಅದು ನಾಲ್ಕು ಹತ್ತಾಯಿತು. ಮತ್ತೆ ಫೋನು.

"ಪುಟ್ಟಿ ಬಾಗಿಲಲ್ಲೇ ನಿಂತಿದ್ದಾಳೆ ಕಣ್ರೀ. ಎಲ್ಲಾದ್ರೂ ನಿಲ್ಲಿಸಿದ್ರಾ?"

"ಟೀಗೂ ನಿಲ್ಲಿಸಿಲ್ಲ ಮಾರಾಯ್ತಿ. ಇಲ್ಲಿ ಈ ಮ್ಯಾಪಿನವಳು ಬೇರೆ 'ಬಲಕ್ಕೆ ತಿರುಗಿ, ಬಲಕ್ಕೆ ತಿರುಗಿ' ಅಂತ ಕೊರೀತಾಳೆ. ಮನೇಲಿ ನೀನು, ಗಾಡೀಲಿ ಇವಳು. ಇಬ್ಬರಿಗೂ ನಾನು ಹೇಳೋದು ಮಾತ್ರ ಕೇಳಿಸಲ್ಲ."

ಮಗಳು ಕಿಲಕಿಲ ನಕ್ಕಳು. ಆಮೇಲೆ ಗಡಿಯಾರ ನೋಡಿದಳು. ಬಸ್ ನಿಲ್ದಾಣಕ್ಕೆ ಇಪ್ಪತ್ತು ನಿಮಿಷದ ನಡಿಗೆ. ನಾಲ್ಕೂವರೆಗೆ ಮನೆ ಬಿಡಲೇಬೇಕು.

ಮೂರೂಕಾಲಿಗೆ ಫೋನು ನಾಲ್ಕು ನಲವತ್ತು ತೋರಿಸಿತು. ಹೊಲಿಗೆಯಮ್ಮ ಐದನೆಯ ಸಲವೋ ಆರನೆಯ ಸಲವೋ ಫೋನು ಮಾಡಿದಳು.

"ಹೀಗಾದ್ರೆ ಅವಳನ್ನ ನೋಡಿದ ಹಾಗೇ ಆಯ್ತು ಬಿಡಿ" ಎಂದಳು. ಸಿಟ್ಟಲ್ಲಿ ಅಂದದ್ದಲ್ಲ, ಅಳು ತಡೆಯಲು ಅಂದದ್ದು. ಫೋನಿನಲ್ಲಿ ಅದು ಸಿಟ್ಟಿನ ಹಾಗೇ ಕೇಳಿಸಿತು.

ಅವನು, "ಹಳೇ ರೈಲು ಸೇತುವೆ ದಾರಿ ತೋರಿಸ್ತಿದೆ. ಹದಿನೆಂಟು ನಿಮಿಷ ಉಳಿಯುತ್ತಂತೆ" ಎಂದ.

"ಆ ದಾರಿ ಆಗುತ್ತಾ?"

"ಹೋಗುವಾಗ ಲೋಡ್ ಸಮೇತ ಅದರಡಿಯಲ್ಲೇ ಹೋಗಿದ್ದೆನಲ್ಲ. ಎರಡು ಬೆರಳು ಸಂದಿ ಇತ್ತು. ಈಗಂತೂ ಖಾಲಿ ಗಾಡಿ, ಹೂವಿನ ಹಾಗೆ ಹೋಗುತ್ತೆ. ಬಂದೆ, ಪುಟ್ಟಿಗೆ ಹೇಳು."

ಹೊತ್ತು ನಾಲ್ಕು ಇಪ್ಪತ್ತೆರಡಕ್ಕೆ ಇಳಿಯಿತು. ಹೊಲಿಗೆಯಮ್ಮ ಎದ್ದು ಮುಖ ತೊಳೆದಳು. ಗಂಡನ ಟವೆಲು ತೆಗೆದು ಕುರ್ಚಿಯ ಮೇಲೆ ಹಾಕಿದಳು. ಮೂರು ಜನಕ್ಕೂ ತಟ್ಟೆ ಇಟ್ಟಳು. ಎಂಟು ನಿಮಿಷ ಆದರೆ ಎಂಟು ನಿಮಿಷ. ಮೂರೂ ಜನ ಒಂದು ಕಡೆ ಕೂತರೆ ಸಾಕಿತ್ತು.

ಮೂರು ನಲವತ್ತೆರಡಕ್ಕೆ ಚುಕ್ಕೆ ನಿಂತಿತು.

ರೈಲು ಗೇಟು ಬಿದ್ದಿರಬಹುದು ಎಂದುಕೊಂಡಳು. ಸೇತುವೆ ಇರುವ ಕಡೆ ಗೇಟು ಎಲ್ಲಿಂದ ಬರಬೇಕು ಎಂದು ಆಮೇಲೆ ಹೊಳೆಯಿತು. ಫೋನು ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ಮಾಡಿದಳು. ಮಗಳು ಬಂದು ಪಕ್ಕದಲ್ಲಿ ಕೂತು ಅಮ್ಮನ ಮೊಣಕೈ ಹಿಡಿದುಕೊಂಡಳು. ಇಬ್ಬರೂ ಆ ಚುಕ್ಕೆಯನ್ನು ಜ್ವರದ ಮಗುವನ್ನು ನೋಡಿದ ಹಾಗೆ ನೋಡಿದರು. ಅದು ಅಲುಗಲಿಲ್ಲ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಫೋನು ಬಂತು.

"ನನಗೇನೂ ಆಗಿಲ್ಲ" ಅನ್ನುವುದೇ ಅವನ ಮೊದಲ ಮಾತು. "ಗಾಡಿ ಸೇತುವೆಗೆ ಸಿಕ್ಕೊಂಡಿದೆ. ಮೇಲಿನ ತಗಡು ಕಿತ್ತು ಬಂದಿದೆ. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಪೊಲೀಸರು ಬಂದಿದ್ದಾರೆ."

"ಏಟು ಬಿತ್ತಾ?"

"ಎದೆ ಸ್ಟೇರಿಂಗಿಗೆ ತಗುಲ್ತು, ಅಷ್ಟೆ. ಹಿಂದೆ ಬೈಕಿನಲ್ಲಿ ಒಬ್ಬ ಬರ್ತಿದ್ದ, ಒಂದು ಮೊಳ ದೂರದಲ್ಲಿ ಬ್ರೇಕ್ ಹಾಕಿದ. ಬೀಸೋ ದೊಣ್ಣೆ ತಪ್ಪಿತು." ಆಮೇಲೆ, "ಪುಟ್ಟಿ ಇದ್ದಾಳಾ ಅಲ್ಲಿ?" ಎಂದ.

ಮಗಳು ಫೋನು ತೆಗೆದುಕೊಂಡು ಒಳಗೆ ಹೋದಳು. ಏನು ಮಾತಾಡಿದರೋ ಹೊಲಿಗೆಯಮ್ಮನಿಗೆ ಕೇಳಲಿಲ್ಲ. ಬಾಗಿಲ ಸಂದಿಯಿಂದ ಕಂಡದ್ದು ಇಷ್ಟೇ: ಹುಡುಗಿ ತಲೆಯಾಡಿಸುತ್ತಿದ್ದಳು, ಅಪ್ಪನಿಗೆ ಅದು ಕಾಣುತ್ತದೆ ಎನ್ನುವ ಹಾಗೆ.

ನಾಲ್ಕೂವರೆಗೆ ತಾಯಿ ಮಗಳು ಪೆಟ್ಟಿಗೆಯ ಒಂದೊಂದು ಕಿವಿ ಹಿಡಿದು ನಡೆದರು. ಬಸ್ಸು ಹೊರಡುವ ಮೊದಲು ಅಪ್ಪನ ಫೋನು ಮತ್ತೆ ಬಂತು. ಮಗಳು ಸ್ಪೀಕರ್ ಹಾಕಿ ಕಿಟಕಿಯಿಂದ ಅಮ್ಮನ ಕಡೆಗೂ ಹಿಡಿದಳು.

"ಕಿಟಕಿ ಸೀಟು ಸಿಕ್ತಾ ಮಗಾ?"

"ಸಿಕ್ತಪ್ಪಾ. ಎಡಗಡೆ."

"ನಿನ್ನ ಬಸ್ಸು ದೊಡ್ಡ ರಸ್ತೇಲಿ ಹೋಗುತ್ತೆ. ನಾನು ಅಲ್ಲಿಂದ ಎರಡೇ ಕಿಲೋಮೀಟರ್ ಒಳಗಿದ್ದೀನಿ. ಓಡಿ ಬಂದುಬಿಡೋಣ ಅನ್ಸುತ್ತೆ. ಗಾಡಿ ಬಿಟ್ಟು ಹೋಗಬೇಡ ಅಂತ ಇವರು ಕೀ ಇಸ್ಕೊಂಡು ಕೂರಿಸಿದ್ದಾರೆ."

"ಬರಬೇಡ ಅಪ್ಪಾ. ನಾನು ಆ ಕಡೆ ನೋಡ್ತಾ ಹೋಗ್ತೀನಿ."

ಬಸ್ಸು ಹೋಯಿತು. ಹೊಲಿಗೆಯಮ್ಮ ಒಬ್ಬಳೇ ಮನೆಗೆ ಬಂದು, ಇಟ್ಟಿದ್ದ ಮೂರು ತಟ್ಟೆಗಳನ್ನು ಹಾಗೇ ಎತ್ತಿ ಒಳಗಿಟ್ಟಳು. ತೊಳೆಯುವ ಕೆಲಸವೂ ಇರಲಿಲ್ಲ.

ಗಂಡ ಬಂದದ್ದು ಮಾರನೆಯ ದಿನ ಮಧ್ಯಾಹ್ನ. ಎಂಟು ಚಕ್ರದ ಗಾಳಿ ಇಳಿಸಿ, ಗಾಡಿಯನ್ನು ಅಷ್ಟು ಕುಗ್ಗಿಸಿ, ಇಂಚು ಇಂಚೇ ಹಿಂದಕ್ಕೆ ತೆಗೆದಿದ್ದರು. ಬೀದಿಯ ಕೊನೆಯ ಬಯಲಿನಲ್ಲಿ ನಿಲ್ಲಿಸಿದ ಲಾರಿಯ ನೆತ್ತಿಯ ತಗಡು ಹರಿದ ಅಂಗಿಯ ಕಾಲರಿನಂತೆ ಹಿಂದಕ್ಕೆ ಮಡಚಿಕೊಂಡಿತ್ತು. ಕೈಕಾಲು ತೊಳೆದು ಬಂದು ಕೂತವನು ಮಗಳ ಖಾಲಿ ಮಂಚವನ್ನು ನೋಡಿದ. ಅವಳು ಬಿಟ್ಟು ಹೋಗಿದ್ದ ಕೂದಲ ಪಿನ್ನೊಂದು ದಿಂಬಿನ ಪಕ್ಕದಲ್ಲಿತ್ತು. ಅದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ, "ದೊಡ್ಡ ರಸ್ತೇಲೇ ಬಂದಿದ್ರೆ ನಾಲ್ಕೂಮುಕ್ಕಾಲಿಗೆ ಬಸ್ ನಿಲ್ದಾಣದ ಹತ್ರ ಇರ್ತಿದ್ದೆ" ಎಂದ. "ಕಾಲು ಗಂಟೆ ಸಿಗ್ತಿತ್ತು."

ಆ ಕಾಲು ಗಂಟೆಯ ಲೆಕ್ಕವನ್ನು ಹೊಲಿಗೆಯಮ್ಮನೂ ಹಿಂದಿನ ದಿನದಿಂದ ಮಾಡುತ್ತಲೇ ಇದ್ದಳು.

ಸಂಜೆ ತೂಕದಕ್ಕ ಬಂದಳು. ಬೀದಿಯ ಇನ್ನಿಬ್ಬರು ಡ್ರೈವರುಗಳೂ ಲಾರಿ ನೋಡಲು ಬಂದು ಜಗಲಿಯಲ್ಲಿ ಕೂತಿದ್ದರು.

"ರಸ್ತೆಗೆ ಹೊಸ ಡಾಂಬರು ಹಾಕಿ ಏರಿಸಿಬಿಟ್ಟಿದ್ದಾರೆ ಅಕ್ಕ" ಎಂದ ಹತ್ನಿಮಿಷ. "ಇಲ್ಲದಿದ್ರೆ ಹೋಗುವಾಗ ಲೋಡ್ ಹಾಕ್ಕೊಂಡು ದಾಟಿದ ಸೇತುವೆ, ಖಾಲಿ ಬರುವಾಗ ಹಿಡ್ಕೊಳ್ಳುತ್ತಾ?"

"ಡಾಂಬರು ಹಾಕಿದ್ದು ಕಣ್ಣಾರೆ ಕಂಡ್ಯಾ?"

"ಇಲ್ಲ. ಹಾಕಿರಬೇಕು."

"ಬೋರ್ಡಿನಲ್ಲಿ ಎತ್ತರ ಎಷ್ಟು ಬರ್ದಿತ್ತು?"

"ಬೋರ್ಡಿನ ಮೇಲೆ ಯಾರೋ ಅಂಗಡಿ ಜಾಹೀರಾತು ಅಂಟಿಸಿದ್ರು. ನಾನು ಇಳಿದೂ ನೋಡಲಿಲ್ಲ. ದಾಟಿದ ಸೇತುವೆ ತಾನೆ."

"ನಿನ್ನ ಗಾಡಿ ಎತ್ತರ ಎಷ್ಟು?"

"ಹನ್ನೆರಡೂವರೆ ಅಡಿ ಇರಬಹುದು."

"ಇರಬಹುದು!" ತೂಕದಕ್ಕ ಜಗಲಿಯಲ್ಲಿದ್ದವರ ಕಡೆ ತಿರುಗಿದಳು. "ಹೆಂಡ್ತಿ ಕುತ್ತಿಗೆ ಸುತ್ತ ಟೇಪು ಹಾಕ್ಕೊಂಡು ಊರಿಗೆಲ್ಲ ಅಳತೆ ತೆಗೀತಾಳೆ. ಗಂಡನ ಗಾಡಿಗೆ 'ಇರಬಹುದು'. ಸೇತುವೆ ಬಿಚ್ಚಿ ಹೊಲಿಯೋಕೆ ಆಗುತ್ತೇನಪ್ಪಾ?"

ಎಲ್ಲರೂ ನಕ್ಕರು. ಹತ್ನಿಮಿಷನೂ ನಗಲು ನೋಡಿದ, ಆಗಲಿಲ್ಲ. "ಅಕ್ಕ, ನೀವು ತೂಕ ನೋಡಿ. ಎತ್ತರ ನಮಗೆ ಬಿಡಿ" ಎಂದ.

"ಎರಡೂ ಒಂದೇ ಕಣೋ, ಅದನ್ನೇ ಹೇಳೋಕೆ ಬಂದೆ. ನನ್ನ ಕಿಟಕಿ ಮುಂದೆ ದಿನಾ ನೋಡ್ತೀನಿ. ಖಾಲಿ ಗಾಡಿ ಬಂದಾಗ ಚಕ್ರಕ್ಕೂ ಮೇಲಿನ ಡಬ್ಬಿಗೂ ನಡುವೆ ನನ್ನ ಮುಷ್ಟಿ ಹೋಗೋಷ್ಟು ಸಂದಿ. ಅದೇ ಗಾಡಿ ತುಂಬಿ ಬಂದಾಗ ಬೆರಳೂ ಹೋಗಲ್ಲ. ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಕುಗ್ಗಿರುತ್ತೆ, ಟಯರು ಕುಗ್ಗಿರುತ್ತೆ. ಭಾರ ಇಳಿಸಿದ್ರೆ ಗಾಡಿ ಎದ್ದು ನಿಲ್ಲುತ್ತೆ. ಖಾಲಿ ಲಾರೀನೇ ಎತ್ತರ."

"ಖಾಲಿ ಎತ್ತರಾನಾ?" ಒಬ್ಬ ಡ್ರೈವರು ಬಾಯಿಬಿಟ್ಟ. "ನಾವೆಲ್ಲ ಖಾಲಿ ಗಾಡಿ ಅಂದ್ರೆ ಸಣ್ಣದು ಅಂತಾನೇ ತಿಳ್ಕೊಂಡಿದ್ದೀವಿ."

"ಹೋಗಲಿ, ಸಿಕ್ಕೊಂಡ ಗಾಡೀನ ಹೇಗೆ ಬಿಡಿಸಿದ್ರು?"

"ಗಾಳಿ ಇಳಿಸಿ" ಎಂದ ಹತ್ನಿಮಿಷ.

"ಗಾಳಿ ಬಿಟ್ರೆ ಕುಗ್ಗುತ್ತೆ ಅಂತ ಗೊತ್ತಿದ್ದವನಿಗೆ, ಭಾರ ಬಿಟ್ರೆ ಏಳುತ್ತೆ ಅಂತ ಗೊತ್ತಾಗಲಿಲ್ವಾ?"

ಇದಕ್ಕೆ ಉತ್ತರ ಬಂದದ್ದು ಹೊಲಿಗೆಯಮ್ಮನಿಂದ. ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದವಳು ಮೆಲ್ಲಗೆ, "ಗೂನುಬೆನ್ನು ಮಾಡ್ಕೊಂಡು ನಿಂತವರ ಅಳತೆ ತಗೊಂಡ ಹಾಗೆ" ಎಂದಳು. ಎಲ್ಲರೂ ಅವಳ ಕಡೆ ನೋಡಿದರು. "ಕೆಲವರು ನಾಚಿಕೆಗೆ ಬಗ್ಗಿ ನಿಲ್ತಾರೆ. ಹಾಗೇ ಅಳೆದು ಹೊಲಿದ್ರೆ, ನೆಟ್ಟಗೆ ನಿಂತಾಗ ಅಂಗಿ ಗಿಡ್ಡ. ಹೊಸತರಲ್ಲಿ ನಾನೂ ಎಷ್ಟೋ ಅಂಗಿ ಕೆಡಿಸಿದ್ದೀನಿ. ಲೋಡ್ ಹೊತ್ತ ಗಾಡಿ ಬಗ್ಗಿ ನಿಂತಿತ್ತು. ನೀವು ಅದನ್ನೇ ಅಳತೆ ಅಂದ್ಕೊಂಡ್ರಿ."

"ನೋಡು, ಇಪ್ಪತ್ತೆರಡು ವರ್ಷದಲ್ಲಿ ನನಗೆ ಹೀಗೆ ಹೇಳೋಕೆ ಬರಲಿಲ್ಲ" ಎಂದಳು ತೂಕದಕ್ಕ.

ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ. ಅಳೆದೇ ನೋಡೋಣ ಎಂದು ಐವರೂ ಬಯಲಿಗೆ ಹೋದರು. ಹತ್ನಿಮಿಷ ಏಣಿ ಹತ್ತಿ, ಎದ್ದ ತಗಡನ್ನು ಬಡಿದು ಕೂರಿಸಿ, ನೆತ್ತಿಯ ಮೇಲೆ ಒಂದು ನೇರವಾದ ಮರದ ಪಟ್ಟಿಯನ್ನು ಅಂಚಿನಿಂದ ಹೊರಗೆ ಚಾಚಿಟ್ಟ. ಹೊಲಿಗೆಯಮ್ಮನ ಟೇಪು ಐದೇ ಅಡಿ. ಅವಳು ಕತ್ತರಿಗೆ ದಪ್ಪ ನೂಲು ಕಟ್ಟಿ ಕೊಟ್ಟಳು. ಪಟ್ಟಿಯ ತುದಿಯಿಂದ ನೂಲು ಇಳಿಬಿಟ್ಟು, ಕತ್ತರಿ ನೆಲ ಮುಟ್ಟಿದಾಗ ಪಟ್ಟಿಯ ಹತ್ತಿರ ಗಂಟು ಹಾಕಿ, ಮನೆಗೆ ತಂದು ಕತ್ತರಿಸುವ ಮೇಜಿನ ಮೇಲೆ ಅಳೆದರು. ಹನ್ನೆರಡು ಅಡಿ ಎಂಟೂವರೆ ಇಂಚು.

ತಗಡು ರಿಪೇರಿ ಆಗಿ, ಆರನೆಯ ದಿನ ಸಿಮೆಂಟು ತುಂಬಿ ಅವನು ವೇ ಬ್ರಿಡ್ಜಿಗೆ ಬಂದಾಗ ಹೊಲಿಗೆಯಮ್ಮ ಅದೇ ನೂಲು ಹಿಡಿದು ಅಲ್ಲಿ ನಿಂತಿದ್ದಳು. ಮತ್ತೆ ಪಟ್ಟಿ ಇಟ್ಟರು, ಮತ್ತೆ ಇಳಿಬಿಟ್ಟರು. ಹನ್ನೆರಡು ಅಡಿ ಐದು ಇಂಚು. ಮಿಕ್ಕ ಮೂರೂವರೆ ಇಂಚು ನೂಲು ನೆಲದ ಮೇಲೆ ಬಿದ್ದಿತ್ತು.

ಹತ್ನಿಮಿಷ ಕೂತು ಆ ತುಂಡು ನೂಲನ್ನು ಬೆರಳಲ್ಲಿ ಅಳೆದ. ನಾಲ್ಕು ಬೆರಳು. "ಇಷ್ಟಕ್ಕೆ" ಎಂದ.

ಆ ಹೊತ್ತಿಗೇ ತೂಕದಕ್ಕ ಅವನ ಫೋನು ಇಸಿದುಕೊಂಡು, ಲಾರಿಗೆಂದೇ ಮಾಡಿದ ದಾರಿ ಆ್ಯಪ್ ಒಂದನ್ನು ಹಾಕಿಕೊಟ್ಟಳು. ಅದು ಮೊದಲು ಪ್ರಶ್ನೆ ಕೇಳುತ್ತದೆ. ಗಾಡಿ ಎಷ್ಟು ಎತ್ತರ, ಎಷ್ಟು ಅಗಲ, ಎಷ್ಟು ಉದ್ದ, ತೂಕ ಎಷ್ಟು. ಎತ್ತರದ ಜಾಗದಲ್ಲಿ ಖಾಲಿ ಗಾಡಿಯ ಅಳತೆ ತುಂಬಿ, ಅದರ ಮೇಲೆ ಇನ್ನೂ ನಾಲ್ಕು ಬೆರಳು ಸೇರಿಸಿದಳು.

ಅವನು ಹೋಗಬೇಕಾದ ಊರು ಒತ್ತಿ ನೋಡಿದ. ಮುಖ ಹುಳ್ಳಗಾಯಿತು. "ಇದೇನಕ್ಕ, ಎರಡು ಗಂಟೆ ಜಾಸ್ತಿ ತೋರಿಸ್ತಿದೆ. ಊರೆಲ್ಲ ಸುತ್ತಿಸುತ್ತೆ."

"ಮೊದಲೂ ನಿನಗೆ ಅಷ್ಟೇ ಹೊತ್ತು ಹಿಡೀತಿತ್ತು. ಆಗ ಅದು ನಿನಗೆ ಹೇಳ್ತಿರಲಿಲ್ಲ. ಈಗ ಹೇಳ್ತಿದೆ."

"ಹಾಗಾದ್ರೆ ಇದು ಹೇಳಿದ್ದೆಲ್ಲ ವೇದವಾಕ್ಯಾನಾ?"

"ಅಲ್ಲ. ಇದಕ್ಕೂ ಎಲ್ಲ ಸೇತುವೆ ಗೊತ್ತಿರಲ್ಲ. ಕಣ್ಣೆದುರಿನ ಬೋರ್ಡು ಒಂದು ಹೇಳಿ, ಫೋನು ಇನ್ನೊಂದು ಹೇಳಿದ್ರೆ ಬೋರ್ಡಿನ ಮಾತು ಕೇಳು. ಬೋರ್ಡು ಇಲ್ಲ ಅಂದ್ರೆ ನಿಲ್ಲಿಸಿ ಇಳಿದು ಕೇಳು. ಪಂಕ್ಚರ್ ಅಂಗಡಿಯವನಿಗೆ ಯಾವ ಸೇತುವೆ ಎಷ್ಟು ಲಾರಿ ನುಂಗಿದೆ ಅಂತ ಗೊತ್ತಿರುತ್ತೆ. ಆ ರೈಲು ಸೇತುವೆ ವಿಷಯ ಆ್ಯಪಿಗೆ ಬರೆದು ತಿಳಿಸು. ಇವತ್ತು ನಿನಗೆ ಆದದ್ದು ನಾಳೆ ಇನ್ನೊಬ್ಬ ಮಗಳ ಅಪ್ಪನಿಗೆ ಆಗಬಾರದು."

ಅವನು ಅಲ್ಲೇ ಕೂತು, ಒಂದೊಂದೇ ಅಕ್ಷರ ಒತ್ತಿ, ಬರೆದು ಕಳಿಸಿದ.

ಹೊರಡುವ ಮೊದಲು ಗಂಡ ಹೆಂಡತಿ ಲಾರಿಯ ನೆರಳಲ್ಲಿ ನಿಂತರು. ಹೊಲಿಗೆಯಮ್ಮ ನೂಲನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

"ತಪ್ಪು ನಂದೂ ಇದೆ" ಎಂದಳು.

"ನಿಂದೇನು? ಸ್ಟೇರಿಂಗ್ ನೀನು ಹಿಡಿದಿದ್ಯಾ?"

"ಆವತ್ತು ಏಳು ಸಲ ಫೋನು ಮಾಡಿದ್ದೀನಿ. ಆಮೇಲೆ ಎಣಿಸಿ ನೋಡಿದೆ. ನೀವು ಓಡಿಸ್ತಾ ಇದ್ದೀರಿ ಅಂತ ಗೊತ್ತಿದ್ದೂ ಮಾಡಿದೆ. ಆ ಚುಕ್ಕೆ ಮೂರೂವರೆ ಅಂದದ್ದನ್ನ ನೀವೇ ಕೊಟ್ಟ ಮಾತು ಅನ್ನೋ ಹಾಗೆ ಹಿಡ್ಕೊಂಡೆ."

ಅವನು ಟಯರು ಒದ್ದು ನೋಡಿದ. ಒದೆಯಬೇಕಾಗಿರಲಿಲ್ಲ. "ನೀನು ಕೇಳದಿದ್ರೂ ನಾನೇ ಹೇಳ್ತಿದ್ದೆ. ಅಲ್ಲಿ ಒಬ್ಬನೇ ಕೂತಾಗ, ಮನೆಗೆ ಇಷ್ಟೇ ಹೊತ್ತು ಅಂತ ಅದು ತೋರಿಸುತ್ತಲ್ಲ, ಆ ಅಂಕಿ ಜೊತೆ ಪಂದ್ಯ ಕಟ್ಟಿದ ಹಾಗೆ ಆಗುತ್ತೆ. ಒಂದು ನಿಮಿಷ ಕಮ್ಮಿಯಾದ್ರೆ ಒಂದು ನಿಮಿಷ ನಿಮ್ಮ ಹತ್ರ ಬಂದ ಹಾಗೆ."

"ಇನ್ನು ಮೇಲೆ ನಾನು ಹೊತ್ತು ಕೇಳಲ್ಲ. ನೀವು ಎಲ್ಲಾದ್ರೂ ನಿಲ್ಲಿಸಿದಾಗ ನೀವೇ ಮಾಡಿ."

"ನೀನಾ? ಕೇಳದೆ ಇರ್ತೀಯಾ?"

"ನೋಡೋಣ" ಎಂದಳು.

ಏಳು ವಾರ ಕಳೆಯಿತು. ಅಷ್ಟರಲ್ಲಿ ಅವನು ಒಂದೇ ಸಲ ಮನೆಗೆ ಬಂದಿದ್ದ. ಎರಡು ದಿನ ಇದ್ದು ಹೋಗಿದ್ದ. ಅವನಿಗೆ ಮಗಳು ಓದುವ ಊರಿನ ಆಚೆಗೆ ಒಂದು ಲೋಡು ಸಿಕ್ಕಿತು. ಹಾಸ್ಟೆಲಿನಲ್ಲಿ ಭಾನುವಾರ ಮೂರರಿಂದ ಆರರವರೆಗೆ ಮಾತ್ರ ಮನೆಯವರನ್ನು ನೋಡಲು ಬಿಡುತ್ತಾರೆ. ಮಗಳಿಗೆ ಅವನು ಹೇಳಿದ್ದು, "ಭಾನುವಾರ ಬರ್ತೀನಿ. ಎಷ್ಟೊತ್ತಿಗೆ ಅಂತ ಹೇಳಲ್ಲ. ಆರೊಳಗೆ ಬರೋಕೆ ಬೇಕಾದಷ್ಟು ಮೊದಲೇ ಹೊರಡ್ತೀನಿ."

ಆ ಭಾನುವಾರ ಹೊಲಿಗೆಯಮ್ಮ ಫೋನನ್ನು ಮಷಿನ್ನಿನ ಪಕ್ಕದಲ್ಲಿಡಲಿಲ್ಲ, ಬೀರುವಿನೊಳಗೆ ಇಟ್ಟಳು. ಹತ್ತು ಹೊಲಿಗೆ ಹಾಕಿ ಎದ್ದು ಬೀರು ತೆಗೆದಳು. ಮಗಳ ಊರಿನ ಹತ್ತಿರ ಚುಕ್ಕೆ ಬಂದಿತ್ತು. ಮೂರೂವರೆ. ಊರೊಳಗೆ ಹೋಗುವ ನೇರ ದಾರಿ ಬಿಟ್ಟು ಅದು ಸುತ್ತುರಸ್ತೆ ಹಿಡಿಯಿತು. ನೋಡುತ್ತಿದ್ದ ಹಾಗೆ ಮಗಳಿಂದ ದೂರ, ಇನ್ನೂ ದೂರ ಹೋಯಿತು. ಹೊಲಿಗೆಯಮ್ಮನ ಬೆರಳು ಗಂಡನ ನಂಬರಿನ ಮೇಲೆ ಬಂದು ನಿಂತಿತು. ಬೀರುವಿನ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಆ ಅರ್ಧ ಗಂಟೆ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು.

ಬೀರುವಿನೊಳಗೆ ಫೋನು ಹೊಡೆದುಕೊಂಡಾಗ ನಾಲ್ಕು ಹತ್ತು.

"ಅಮ್ಮಾ" ಎಂದಳು ಮಗಳು. "ಅಪ್ಪ ಬಂದಿದ್ದಾರೆ. ಹಾಸ್ಟೆಲ್ ರಸ್ತೆಗೆ ಲಾರಿ ಬರಲ್ಲ ಅಂತ ಆ್ಯಪ್ ಹೇಳ್ತಂತೆ. ಹೊರಗೆ ಲಾರಿ ನಿಲ್ಲಿಸೋ ಜಾಗದಲ್ಲಿ ನಿಲ್ಲಿಸಿದ್ದಾರೆ. ನಾನೇ ವಾರ್ಡನ್ ಮೇಡಂ ಹತ್ರ ಚೀಟಿ ತಗೊಂಡು ಆಟೋದಲ್ಲಿ ಬಂದುಬಿಟ್ಟೆ. ಗಾಡಿ ಒಳಗೆ ಕೂತಿದ್ದೀನಿ."

"ಅಪ್ಪ ಎಲ್ಲಿ?"

"ಪಕ್ಕದಲ್ಲೇ."

ಹೊಲಿಗೆಯಮ್ಮ ಕಾದಳು. ಇಬ್ಬರ ದನಿಯೂ ಬರಲಿಲ್ಲ. ದೂರದಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಸುತ್ತಾ "ಬಾ, ಬಾ, ಬಾ" ಎನ್ನುವುದು ಕೇಳಿಸಿತು.

"ಯಾಕೆ ಇಬ್ಬರೂ ಮಾತಾಡ್ತಿಲ್ಲ?"

"ಏನಿಲ್ಲಮ್ಮಾ. ಸುಮ್ಮನೆ ಕೂತಿದ್ದೀವಿ."

"ಹಾಗೇ ಕೂತಿರಿ" ಎಂದಳು ಹೊಲಿಗೆಯಮ್ಮ. "ಫೋನು ಇಡಬೇಡಿ."

ಅವಳು ಫೋನನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು, ಅದರ ಪಕ್ಕದಲ್ಲಿ ತಾನೂ ಸುಮ್ಮನೆ ಕೂತಳು.

ಲಾರಿ ಓಡಿಸುವ ಅಣ್ಣಂದಿರೇ, ತಮ್ಮಂದಿರೇ, ನಿಮಗೆ ರಸ್ತೆ ಹೇಳಿಕೊಡುವಷ್ಟು ದೊಡ್ಡವರಲ್ಲ ನಾವು. ಒಂದೇ ಮಾತು ಕೇಳಿಕೊಳ್ಳುತ್ತೇವೆ. ನಿಮ್ಮ ಗಾಡಿಯನ್ನು ಖಾಲಿ ಇರುವಾಗ ಅಳೆಯಿರಿ, ಮೇಲೆ ನಾಲ್ಕು ಬೆರಳು ಸೇರಿಸಿ, ಆ ಅಂಕಿಯನ್ನು ಸ್ಟೇರಿಂಗ್ ಎದುರಿಗೆ ಬರೆದು ಅಂಟಿಸಿ. ಸರಕು ಡಬ್ಬಿಗಿಂತ ಮೇಲೆ ಎದ್ದಿದ್ದರೆ ಅದನ್ನೂ ಅಳೆದು ಹೊರಡಿ. ಕಾರಿನ ಮ್ಯಾಪು ಕಾರಿಗೆ. ಲಾರಿಗೆಂದು ಮಾಡಿದ್ದನ್ನು ಹಾಕಿಸಿಕೊಳ್ಳಿ, ಬಾರದಿದ್ದರೆ ಬಲ್ಲವರನ್ನು ಕೇಳಿ, ನಾಚಿಕೆ ಬೇಡ. ದಾರಿಯನ್ನು ಹೊರಡುವ ಮೊದಲೇ ಒತ್ತಿಟ್ಟುಕೊಳ್ಳಿ, ಓಡುವಾಗ ಫೋನು ಮುಟ್ಟಬೇಡಿ. ತಗ್ಗು ಸೇತುವೆ ಕಂಡರೆ ಆ್ಯಪಿಗೂ ತಿಳಿಸಿ, ಹಿಂದೆ ಬರುವವರಿಗೂ ಹೇಳಿ.

ಮನೆಯಲ್ಲಿ ಕಾಯುವ ಅಕ್ಕಂದಿರೇ, ಮಕ್ಕಳೇ, ನಿಮ್ಮ ಸಂಕಟ ನಮಗೆ ಗೊತ್ತು. ಆದರೂ ಚುಕ್ಕೆ ಓಡುತ್ತಿರುವಾಗ ಫೋನು ಮಾಡಬೇಡಿ. ಅದು ನಿಂತ ಮೇಲೆ ಅವರೇ ಮಾಡುತ್ತಾರೆ. ಪರದೆಯ ಮೇಲಿನ ಗಂಟೆಯನ್ನು ಅವರು ಕೊಟ್ಟ ಮಾತೆಂದು ತಿಳಿಯಬೇಡಿ. ತಡವಾಗಿ ಬಂದವರೂ ಬಂದವರೇ. ಈ ಸಲ ಅವರು ಮನೆಗೆ ಬಂದಾಗ, ಒಂದು ಉದ್ದ ನೂಲು ಹಿಡಿದುಕೊಂಡು ನೀವೂ ಗಾಡಿಯ ಹತ್ತಿರ ಹೋಗಿ.